ಅರಚುವ ಕಾರಿಗೊಂದು ಕಟ್ಟಳೆ

“ಕೇಳಿರಪ್ಪೋ ಕೇಳಿ! ಕಾರುಗಳ ಅಲಾರಂ ಕಾಟಕ್ಕೆ ಕಟ್ಟಳೆ ಬರೆಯುವ ಜಾಣರು ಬೇಕು. ರಾಜಕುಮಾರಿಯ ಮೂರು ಒಗಟು ಬಿಡಿಸಿದವರಿಗೆ ಆಕೆಯೊಡನೆ ಮದುವೆ. ತಪ್ಪಿದವರ ತಲೆ ಹುಣ್ಣಿಮೆಗೆ ಹಾರುತ್ತದೆ!”

ಕಂಚಿನಕೋಟೆಯಲ್ಲಿ ಹೀಗೆ ಡಂಗುರ ಸಾರಿದಾಗ ಕಾರು ಒರೆಸುವ ಕೆಂಚೀರ ಬಟ್ಟೆ ಹಿಂಡುತ್ತಿದ್ದ. ಆ ಊರಲ್ಲಿ ಬೆಕ್ಕು ಹಾರಿದರೂ ಕಾರು ಅರಚುತ್ತಿತ್ತು, ತೆಂಗಿನಗರಿ ಬಿದ್ದರೂ ಅರಚುತ್ತಿತ್ತು. ತೊಟ್ಟಿಲ ಕೂಸುಗಳು ಬೆಚ್ಚಿ ಏಳುತ್ತಿದ್ದವು. ದಿನಾ ಒರೆಸಿ ಒರೆಸಿ, ಕೂಗು ಕೇಳಿದರೆ ಸಾಕು, ಯಾರ ಕಾರೆಂದು ಕೆಂಚೀರ ಹೇಳಬಲ್ಲವನಾಗಿದ್ದ.

“ಅವ್ವಾ, ಹೋಗಿ ಬರಲಾ?”

“ಹೋಗು. ತಲೆಯೊಂದನ್ನು ಅಲ್ಲೇ ಬಿಟ್ಟು ಬರಬೇಡ.”

ಆಸ್ಥಾನದಲ್ಲಿ ರಾಜಕುಮಾರಿ ಚಂಪಕಾವತಿ ಮೊದಲ ಒಗಟು ಒಡ್ಡಿದಳು: “ಕಳ್ಳನಿಗೆಂದು ಇಟ್ಟ ಕಾವಲು ನೂರು ಸಲ ಸುಳ್ಳೇ ಕೂಗಿದರೆ, ಕೊನೆಗೆ ಯಾರನ್ನು ಕಾಯುತ್ತದೆ?”

“ಧಣಿಯನ್ನು,” ಎಂದ ಸೆಟ್ಟರ ಮಗ. ಭಟರು ಅವನನ್ನು ಎಳೆದೊಯ್ದರು.

“ಬೀದಿಯನ್ನು,” ಎಂದರು ಪಂಡಿತರೊಬ್ಬರು. ಅವರೂ ಸೆರೆಮನೆಗೇ ನಡೆದರು.

ಕೆಂಚೀರ ಮುಂದೆ ಬಂದ. “ಕಳ್ಳನನ್ನೇ, ಅಮ್ಮಣ್ಣೀ. ಈಗ ಅಲಾರಂ ಕೂಗಿದರೆ ಯಾರೂ ತಿರುಗಿ ನೋಡಲ್ಲ. ಕಳ್ಳ ಬೀಡಿ ಸೇದುತ್ತಾ ಟೈರು ಬಿಚ್ಚಬಹುದು.”

“ಸರಿ. ಊರೆಲ್ಲ ಕಿವಿ ಮುಚ್ಚಿಕೊಳ್ಳುವ ಕೂಗು ಯಾರ ಕಿವಿಗೆ ಬೀಳುವುದಿಲ್ಲ?”

ಅಷ್ಟರಲ್ಲಿ ಹೊರಗೊಂದು ಕಾರು ಅರಚತೊಡಗಿತು. ಸಭೆಯೆಲ್ಲ ಮುಖ ಹಿಂಡಿತು. ದೊರೆ ಮಾತ್ರ ನೆಮ್ಮದಿಯಾಗಿ ತಾಂಬೂಲ ಮೆಲ್ಲುತ್ತಿದ್ದ. ಕೆಂಚೀರನಿಗೆ ಆ ದನಿಯ ಗುರುತು ಹತ್ತಿತು.

“ಆ ಕಾರಿನ ಯಜಮಾನನ ಕಿವಿಗೆ. ಅರಚುವುದು ಬೇರೆ ಯಾರದೋ ಕಾರು ಅಂದುಕೊಂಡಿರುತ್ತಾನೆ.”

“ಸಾಕ್ಷಿ ಏನೋ?” ಎಂದ ದೊರೆ.

“ಈಗ ಕೂಗುತ್ತಿರುವುದು... ತಮ್ಮ ಕಾರೇ, ಬುದ್ಧೀ.”

ದೊರೆ ಕಿವಿಗೊಟ್ಟ, ಕೈ ತಾನಾಗಿ ಸೊಂಟದ ಕೀಲಿಕೈ ತಡಕಿತು.

ಚಂಪಕಾವತಿ ನಗು ನುಂಗಿ ಕೇಳಿದಳು: “ಬರೆಯಲು ಹಗುರ, ಹೊರಲು ಭಾರ, ಒಬ್ಬ ಹೊತ್ತರೆ ಊರೆಲ್ಲ ಹೊರುತ್ತದೆ. ಏನದು?”

“ಕಟ್ಟಳೆ, ಅಮ್ಮಣ್ಣೀ. ಮೊದಲು ಹೊರುವ ಒಬ್ಬ ದೊರೆಯೇ ಆಗಬೇಕು.”

ದೊರೆ ಎದ್ದ. ಕತ್ತಿಗೆ ಕೈ ಹಾಕುತ್ತಾನೆಂದು ಎಲ್ಲರೂ ಅಂದುಕೊಂಡರೆ, ಮೆಟ್ಟಿಲಿಳಿದು ಹೋಗಿ ತಾನೇ ಕಾರಿನ ಬಾಯಿ ಮುಚ್ಚಿಸಿದ.

ಕೆಂಚೀರ ಹೇಳಿದ ಕಟ್ಟಳೆ ಅಂದೇ ಬರೆಯಲ್ಪಟ್ಟಿತು: ನೂರು ಎಣಿಸುವಷ್ಟರಲ್ಲಿ ಕೂಗು ನಿಲ್ಲದಿದ್ದರೆ, ಯಜಮಾನ ಆ ಬೀದಿಯ ಮನೆಮನೆಗೂ ಹೋಗಿ ಕೈಮುಗಿಯಬೇಕು. ಮೊದಲು ಕೈಮುಗಿದವನು ದೊರೆ.

“ಏನು ಬೇಕು ಕೇಳು,” ಎಂದ.

“ಸೆರೆಯಲ್ಲಿರುವ ಇಬ್ಬರನ್ನೂ ಬಿಡಿ, ಬುದ್ಧೀ.”

“ನನ್ನನ್ನು ಕೇಳಲೇ ಇಲ್ಲವಲ್ಲ?” ಎಂದಳು ಚಂಪಕಾವತಿ.

“ಡಂಗುರದಲ್ಲಿ ತಮ್ಮ ಒಪ್ಪಿಗೆಯ ಮಾತೇ ಇರಲಿಲ್ಲ.”

“ಈಗ ಹೇಳುತ್ತಿದ್ದೇನೆ, ಕೇಳಿಸಿಕೋ. ಒಪ್ಪಿದ್ದೇನೆ.”

ಅವರ ಮದುವೆಯ ಓಲಗವನ್ನು ಕಂಚಿನಕೋಟೆ ಕೊನೆಯ ಸ್ವರದವರೆಗೂ ಕೇಳಿ, ಹೋಳಿಗೆ ಉಂಡು ಮಲಗಿತು.