ಪೈಪು ಯಾವ ಊರಿನದು?

ಮೂರು ಪುಟ್ಟ ಪಟ್ಟಣಗಳು ಚಂದಾ ಎತ್ತಿ, ಬೆಂಕಿ ಆರಿಸಲು ನೀರಿನ ಲಾರಿ, ಪೈಪು, ಗಂಟೆ ಕೊಂಡವು. ಯಾರಿಗೂ ಅನ್ಯಾಯವಾಗಬಾರದೆಂದು ಊರಿಗೊಂದರಂತೆ ಹಂಚಿಕೊಂಡವು.

ಒಂದು ಮಧ್ಯಾಹ್ನ ಗಂಟೆಯ ಊರಿನ ತೆಂಗಿನನಾರಿನ ಕಾರ್ಖಾನೆಗೆ ಬೆಂಕಿ ಬಿತ್ತು. ಗಂಟೆ ಬಡಿದುಕೊಂಡಿತು, ಲಾರಿ ಓಡಿಬಂತು. ಪೈಪು ತಲುಪುವಷ್ಟರಲ್ಲಿ ಕಾರ್ಖಾನೆ ಬೂದಿಯಾಗಿತ್ತು.

“ನನ್ನನ್ನಿಟ್ಟ ಕೋಣೆಯ ಬೀಗದ ಕೈ ಹುಡುಕುವುದರಲ್ಲೇ ನಮ್ಮೂರಿನವರಿಗೆ ತಡವಾಯಿತು, ಗಂಟೆಯಕ್ಕಾ,” ಎಂದಿತು ಪೈಪು.

“ಹೊಟ್ಟೆ ತುಂಬ ನೀರಿಟ್ಟುಕೊಂಡು ನಿಂತು ನೋಡಿದೆನಲ್ಲ!” ಎಂದು ಲಾರಿ ಬಿಕ್ಕಿತು.

“ಅಳಬೇಡಿ. ಪಾಲು ಬೇಕೆಂದು ಮೊದಲು ಹಟ ಹಿಡಿದದ್ದು ನನ್ನ ಊರೇ,” ಎಂದಿತು ಗಂಟೆ.

ಮರುದಿನ ಪೈಪಿನ ಊರಿನವರು ತಲೆತಗ್ಗಿಸಿಕೊಂಡು ಬಂದರು. ಎಲ್ಲ ಊರಿನವರೂ ಸೇರಿ ಪೈಪನ್ನು ಲಾರಿಗೇ ಬಿಗಿದು, ಮೂರೂರಿನ ದಾರಿ ಕೂಡುವಲ್ಲಿ ನಿಲ್ಲಿಸಿ, ಪಕ್ಕದಲ್ಲೇ ಗಂಟೆ ಕಟ್ಟಿದರು.

“ಇನ್ನು ನಾನು ಯಾವ ಊರಿನವನು, ಅಕ್ಕಾ?”

“ಬೆಂಕಿ ಬಿದ್ದ ಊರಿನವನು, ತಮ್ಮಾ.”