ಹಗ್ಗದ ಮೇಲಿನ ಲಂಗೋಟಿ

ಸಾಹುಕಾರ ಅಂದಾನೆಪ್ಪ ಜಾಗ ಕೊಳ್ಳುವ ಮುಂಚೆ ಅಲ್ಲಿನ ಓಣಿಯಲ್ಲಿ ಬಟ್ಟೆ ಒಣಹಾಕಿದ ಹಗ್ಗ ನೋಡುತ್ತಿದ್ದ. ಕೂಸಿನ ಲಂಗೋಟಿ ತೂಗಾಡುತ್ತಿದ್ದರೆ ಅಲ್ಲಿ ಜನ ಬೆಳೆಯುತ್ತಾರೆ, ಜಾಗದ ಬೆಲೆಯೂ ಏರುತ್ತದೆ ಅನ್ನುವುದು ಅವನ ಲೆಕ್ಕ. ಕೊಂಡ ಮೇಲೆ ಮೊದಲ ಕೆಲಸ, ಬಾಡಿಗೆಯವರನ್ನು ಎಬ್ಬಿಸುವುದು.

ಅವನು ತಮ್ಮ ಓಣಿಗೂ ಬರುತ್ತಾನೆಂದು ತಿಳಿದದ್ದೇ ತಡ, ಬಾಡಿಗೆಮನೆಯ ಫಕೀರವ್ವ ಎಲ್ಲರ ಹಗ್ಗದಿಂದಲೂ ಲಂಗೋಟಿ ತೆಗೆಸಿ, ಬರೀ ಮುದುಕರ ಧೋತರ ಹಾಕಿಸಿದಳು.

"ಇದೇನವಾ, ಓಣಿ ತುಂಬ ಮುದುಕರ ಅದಾರ!" ಕಾರಿನಿಂದಿಳಿದ ಸಾಹುಕಾರ ಹಗ್ಗ ನೋಡಿ ಮುಖ ಸಿಂಡರಿಸಿದ. "ಇಲ್ಲಿ ರೊಕ್ಕ ಹಾಕಿದ್ರ ಮುಳುಗಿದಂಗ."

ಅಷ್ಟರಲ್ಲಿ ಒಳಗೆ ಫಕೀರವ್ವನ ಎಳೆಗೂಸು ಮೊಮ್ಮಗ ಕಿಟಾರನೆ ಕಿರುಚಿದ.

"ಯಾರವಾ ಅದು?"

"ನಮ್ಮ ಅಜ್ಜರೀ. ಹಲ್ಲಿಲ್ಲ, ನಡಿಯಾಕ ಬರಂಗಿಲ್ಲ. ಹಸಿವಾದ್ರ ಹಿಂಗ ಅಳ್ತಾರ."

ಸಾಹುಕಾರ ಮರುಗಿದ. "ಪಾಪ! ಬಿಸಿ ಹಾಲು ಕುಡಸವಾ" ಅನ್ನುತ್ತ ಕಾರು ಹತ್ತಿದ.

"ಅದನ್ನ ಬಿಟ್ಟು ಬ್ಯಾರೆ ಏನೂ ಕುಡಿಯಂಗಿಲ್ರೀ" ಅಂದಳು ಫಕೀರವ್ವ.