ಬಚ್ಚಲ ಗೋಡೆಯ ಆಚೆ

ಗುರುಪಾದ ಹೊಳೆದಂಡೆಯ ಆಶ್ರಮದಲ್ಲಿ ನೀಲಾಂಬಿಕಾ ತಾಯಿಯವರ ಶಿಷ್ಯ. ಬೆಳಗಿನ ಜಾವ ಬಚ್ಚಲಲ್ಲಿ ಕೊಡಗಟ್ಟಲೆ ತಣ್ಣೀರು ಸುರಿದುಕೊಂಡು, ಕಣ್ಣು ಮುಚ್ಚಿ ಕೂತು, ಉಸಿರನ್ನು ಗಮನಿಸುವುದು ಅವನ ಸಾಧನೆ.

ಅಡುಗೆಯ ರೇಣವ್ವನ ಪುಟ್ಟ ಮಗಳು ಸಾವಂತ್ರಿ ಅದೇ ಹೊತ್ತಿಗೆ ಕೆಮ್ಮಲು ಶುರುಮಾಡುತ್ತಿದ್ದಳು. ಕೆಮ್ಮು ನಿಂತರೆ ಎದೆಯಿಂದ ಸುಂಯ್ ಎಂಬ ಸದ್ದು.

ಒಂದು ದಿನ ಅವನು ತಾಯಿಯವರ ಬಳಿ ಹೋದ.

"ತಾಯಿ, ಆ ಮಗುವಿನ ಕೆಮ್ಮಿಗೆ ನನ್ನ ಧ್ಯಾನ ಕೆಡುತ್ತಿದೆ. ಅವರನ್ನು ಊರೊಳಗೆ ಎಲ್ಲಾದರೂ ಇರಿಸಬಹುದೇ?"

"ಔಷಧಿ ಕೊಡುತ್ತಿದ್ದಾರಲ್ಲ?"

"ಆಸ್ಪತ್ರೆಯದು ತಪ್ಪದೆ ಕೊಡುತ್ತಾರೆ. ಇಳಿಯುತ್ತದೆ, ಮತ್ತೆ ಬರುತ್ತದೆ."

"ಅವಳು ಮಲಗುವುದು ಎಲ್ಲಿ?"

"ಬಚ್ಚಲ ಪಕ್ಕದ ಕೋಣೆಯಲ್ಲಿ."

"ಒಳಗೆ ಹೋಗಿದ್ದೀಯಾ?"

"ಇಲ್ಲ."

"ನಾಳೆ ಅಲ್ಲೇ ಕೂತು ಧ್ಯಾನ ಮಾಡು."

ಮರುದಿನ ರೇಣವ್ವ ಅವನಿಗೆ ಚಾಪೆ ಹಾಸಿದಳು.

"ಇಲ್ಲಿ ಕುಂದರ್ರಿ ಅಣ್ಣಾರ. ಆ ಗ್ವಾಡಿಗೆ ಒರಗಬ್ಯಾಡ್ರಿ, ಅಂಗಿ ಒದ್ದಿ ಆಗ್ತದ."

ಅವನು ಕಣ್ಣು ಮುಚ್ಚಿ ಉಸಿರೆಳೆದುಕೊಂಡ. ಮುಗ್ಗಲು ವಾಸನೆ ಗಂಟಲಿಗೆ ಬಡಿಯಿತು. ಕಣ್ಣು ಬಿಟ್ಟ. ಗೋಡೆಯ ಬುಡದಿಂದ ಮೇಲಕ್ಕೆ ಕಪ್ಪು ಬೂಷ್ಟು ಹಬ್ಬಿತ್ತು. ಮಗುವಿನ ದಿಂಬಿನ ಅಂಚಿಗೂ ತಾಗಿತ್ತು.

ಸಾವಂತ್ರಿ ಅವ್ವನ ತೊಡೆಗೆ ಕೈಯೂರಿ, ಮುಂದಕ್ಕೆ ಬಾಗಿ ಕೂತಿದ್ದಳು. ಒಂದೊಂದು ಉಸಿರಿಗೂ ಹೆಗಲು ಮೇಲಕ್ಕೆ ಹೋಗುತ್ತಿತ್ತು. ಅವಳು ಅಳುತ್ತಿರಲಿಲ್ಲ. ಅಳಲಿಕ್ಕೆ ಉಸಿರು ಸಾಲುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಗುರುಪಾದನೂ ಕೆಮ್ಮುತ್ತ ಹೊರಗೆ ಬಂದ. ತಾಯಿಯವರು ಅಂಗಳ ಗುಡಿಸುತ್ತಿದ್ದರು.

"ಇಷ್ಟು ಬೇಗ ಎದ್ದೆಯಾ?"

"ಅಲ್ಲಿ ಕೂರಲಾಗಲಿಲ್ಲ, ತಾಯಿ."

"ನಿನಗೆ ಎದ್ದು ಬರಲು ಇನ್ನೊಂದು ಜಾಗವಿತ್ತು."

ಅಂದೇ ಗುರುಪಾದ ತನ್ನ ಬಿಸಿಲು ಬೀಳುವ ಕೋಣೆಯನ್ನು ಅವ್ವ-ಮಗಳಿಗೆ ಬಿಟ್ಟುಕೊಟ್ಟ. ರೇಣವ್ವ ಒಪ್ಪಲಿಲ್ಲ.

"ನೀವೆಲ್ಲಿ ಮಲಗತೀರಿ?"

"ಜಗಲಿ ಇದೆಯಲ್ಲ, ರೇಣಕ್ಕ."

ಆಮೇಲೆ ಸುಣ್ಣ ಕಲಸಿಕೊಂಡು ಹಳೆಯ ಕೋಣೆಗೆ ಹೊರಟ. ತಾಯಿಯವರು ತಡೆದರು.

"ಸುಣ್ಣ ಯಾಕೆ?"

"ಆ ಕಪ್ಪು ಹೋಗಲಿ ಅಂತ."

"ಹೋಗುತ್ತದೆಯೋ, ಕಾಣದಂತಾಗುತ್ತದೆಯೋ? ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡು."

ಗುರುಪಾದ ಬಚ್ಚಲಿಗೆ ಹೋಗಿ ಒಂದು ಕೊಡ ನೀರು ಸುರಿದು ಕುಕ್ಕರುಗಾಲಲ್ಲಿ ಕೂತ. ನೀರು ಮೋರಿಯ ಕಡೆ ಹರಿಯಲಿಲ್ಲ. ಬಿರುಕುಬಿಟ್ಟ ಹಾಸುಗಲ್ಲಿನ ಸಂದಿಯಲ್ಲಿ ಇಳಿದು, ಗೋಡೆಯ ಕೆಳಗೆ ಮಾಯವಾಯಿತು.

ಅವನು ಎದ್ದು ತಾಯಿಯವರ ಬಳಿ ಬಂದ.

"ತಾಯಿ, ಅದು ನನ್ನ ಸ್ನಾನದ ನೀರು."

ತಾಯಿಯವರು ಮೂಲೆಯಲ್ಲಿದ್ದ ಹಾರೆ ತಂದು ಅವನ ಕೈಗೆ ಕೊಟ್ಟರು.

ಅವನು ಹಾಸುಗಲ್ಲು ಕಿತ್ತು ಮತ್ತೆ ಕೂರಿಸಿದ. ನೀರು ತೋಟಕ್ಕೆ ಹರಿಯುವಂತೆ ಹೊಸ ಮೋರಿ ತೋಡಿದ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೂಷ್ಟು ಹಿಡಿದ ಗಾರೆಯನ್ನೆಲ್ಲ ಕೆರೆದು ತೆಗೆದ. ಎದುರು ಗೋಡೆ ಒಡೆದು ಕಿಟಕಿ ಇಟ್ಟ. ಗೋಡೆ ಪೂರ್ತಿ ಒಣಗುವವರೆಗೆ ಅಲ್ಲಿ ಯಾರನ್ನೂ ಮಲಗಲು ಬಿಡಲಿಲ್ಲ. ಸಾವಂತ್ರಿಯ ಔಷಧಿಯನ್ನು ಹೊತ್ತು ಹೊತ್ತಿಗೆ ನೆನಪಿಸುವ ಕೆಲಸವನ್ನೂ ತಾನೇ ವಹಿಸಿಕೊಂಡ.

ಮಳೆಗಾಲ ಕಳೆಯಿತು. ಒಂದು ಬೆಳಗ್ಗೆ ಜಗಲಿಯಲ್ಲಿ ಕೂತಿದ್ದವನಿಗೆ ಆ ಸುಂಯ್ ಸದ್ದು ಕೇಳಲಿಲ್ಲ. ಗಾಬರಿಯಾಗಿ ತಾನು ಬಿಟ್ಟುಕೊಟ್ಟ ಕೋಣೆಯ ಬಾಗಿಲಿಗೆ ಓಡಿದ.

ಮಗು ಮಗ್ಗುಲಾಗಿ ಮಲಗಿತ್ತು. ಬೆನ್ನು ಮೆಲ್ಲಗೆ ಏರಿ ಇಳಿಯುತ್ತಿತ್ತು. ರೇಣವ್ವ ಪಕ್ಕದಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಕೇಳ್ರಿ ಅಣ್ಣಾರ," ಪಿಸುಗುಟ್ಟಿದಳು, "ಏನೂ ಕೇಳಿಸವಲ್ದು."

ಎದ್ದು ಅವನ ಕಾಲಿಗೆ ಬೀಳಲು ಬಂದಳು. ಅವನು ಹಿಂದೆ ಸರಿದ.

"ಬೇಡ ರೇಣಕ್ಕ. ಕೈಮುಗಿಯಬೇಕಾದವನು ನಾನು."

ಹೊಸ್ತಿಲಲ್ಲೇ ಕೈಜೋಡಿಸಿ ನಿಂತ. ಕಣ್ಣು ತುಂಬಿ ಬಂತು. ಹಿಂದೆ ಹೆಜ್ಜೆ ಸಪ್ಪಳವಾಯಿತು. ತಾಯಿಯವರು ಬಂದಿದ್ದರು.

"ತಾಯಿ, ಇಷ್ಟು ದೊಡ್ಡ ಕೃಪೆಗೆ ನಾನು ಯಾರಿಗೆ ಅಂತ ಕೈಮುಗಿಯಲಿ?"

"ಮೊದಲು ಬಾಗಿಲಿನಿಂದ ಪಕ್ಕಕ್ಕೆ ಸರಿ, ಗುರುಪಾದ. ಒಳಗೆ ಗಾಳಿ ಹೋಗಲಿ."